ಇಳಕಲ್ ಸೆರಗಿನ ಕೊಂಡಿ
ಅಕ್ಕನವರೇ, ನಿಮ್ಮ ತಾಯಿಯ ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲು, ರೇಷ್ಮೆಯ ಸೆರಗು ಹೊಲಿಗೆಯೇ ಇಲ್ಲದೆ ಹೇಗೆ ಕೂಡಿವೆ ಎಂದು ಕೇಳಿದ್ದೀರಿ. ಅದು ಕೊಂಡಿ ಕೆಲಸ. ಒಡಲಿನ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು) ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ಸಿಕ್ಕಿಸುತ್ತಾರೆ. ಒಂದೆರಡು ಕಡೆಯಲ್ಲ, ಸೀರೆಯ ಅಗಲದುದ್ದಕ್ಕೂ! ಆಮೇಲೆ ಹೊಕ್ಕು, ಅಂದರೆ ಅಡ್ಡ ಎಳೆ, ಓಡಿದರೆ ಎರಡೂ ಒಂದೇ ಬಟ್ಟೆ. ಹೀಗಾಗಿ ಒಂದೊಂದು ಸೀರೆಗೂ ಪ್ರತ್ಯೇಕ ಹಾಸು ಬೇಕು. ಥಾನಿನಂತೆ ಉದ್ದಕ್ಕೆ ನೇಯ್ದು ಕತ್ತರಿಸಲು ಬರುವುದಿಲ್ಲ. ಚೌಕಾಸಿ ಮಾಡುವವರಿಗೆ ಇದು ನೆನಪಿರುವುದಿಲ್ಲ, ಇರಲಿ. ಬಾಗಲಕೋಟೆ ಪೇಟೆಯಲ್ಲಿ ಹೊಸದನ್ನು ಕೊಳ್ಳುವಾಗ ಸೆರಗು ಶುರುವಾಗುವ ಗೆರೆಯನ್ನು ತಿರುವಿ ನೋಡಿ. ಸೆರಗಿನ ಕೆಂಪು ಎಳೆಗಳು ಒಡಲಿನ ಎಳೆಗಳನ್ನು ಹಿಡಿದುಕೊಂಡಿರಬೇಕು. ಹೊಲಿಗೆಯ ದಾರ ಕಂಡರೆ ಅದು ಕೊಂಡಿಯದಲ್ಲ.