ಕಳ್ಳರಿಗೂ ಬೇಡವಾದ ಚಿತ್ರಗಳು

ಈ ಪ್ರಕರಣ ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಅಳೆದು ಸುರಿದು ನೋಡಿದೆ. ಆದರೆ ಇದೇ ತಪ್ಪನ್ನು ನೊಂದವರಿಗೆ ಆಪ್ತಸಲಹೆ ಕೊಡುವ ನಾವು ಮತ್ತೆ ಮತ್ತೆ ಮಾಡುತ್ತಿದ್ದೇವೆ, ನಾನೂ ಮಾಡಿದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಯಾರ ಕಥೆಯೋ ಅವರ ಒಪ್ಪಿಗೆ ಇದೆ.

ನಾನಿರುವುದು ಈಜಿಪ್ಟಿನ ಕೈರೋದಲ್ಲಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸುಡಾನಿನವರು. ಸುಡಾನ್ ಅಂದರೆ ನಿಮಗೆ 2023ರಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ನಮ್ಮ ಹಕ್ಕಿಪಿಕ್ಕಿ ಜನ ನೆನಪಾಗಬಹುದು. ಅವರು ವಾಪಸ್ ಬಂದರು, ನಮ್ಮ ಪಾಲಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ಆದರೆ ಆ ವರ್ಷ ಏಪ್ರಿಲ್ 15ಕ್ಕೆ ಸೇನೆಗೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಶುರುವಾದ ಯುದ್ಧ ಒಂದು ಕೋಟಿಗೂ ಜಾಸ್ತಿ ಜನರನ್ನು ಮನೆ ಬಿಡಿಸಿದೆ.

ಅವರಲ್ಲೊಬ್ಬರು ಉಸ್ತಾದ್. ಹಾಗಂದರೆ ಮೇಷ್ಟ್ರು. ಐವತ್ತು ದಾಟಿದ್ದಾರೆ. ಸುಡಾನಿನ ರಾಜಧಾನಿ ಖಾರ್ಟೂಮಿಗೆ ಅಂಟಿಕೊಂಡಿರುವ ಒಮ್ದುರ್ಮಾನ್‌ನ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು, ಸಂಜೆ ಮನೆಯಲ್ಲಿ ತಮ್ಮ ಚಿತ್ರ ಬರೆಯುತ್ತಿದ್ದರು. ಕ್ಯಾನ್ವಾಸುಗಳನ್ನೆಲ್ಲ ಅಲ್ಲೇ ಬಿಟ್ಟು, ಹೆಂಡತಿ ಮಕ್ಕಳ ಜೊತೆ ಗಡಿ ಹತ್ತಿರದ ವಾದಿ ಹಲ್ಫಾ ಕಡೆಯಿಂದ ಬಸ್ಸಿನಲ್ಲಿ ಈಜಿಪ್ಟಿಗೆ ದಾಟಿದವರು. ಆಮೇಲೆ ಎರಡು ವರ್ಷ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಹೆಂಡತಿ ಅವರನ್ನು ಕರೆದುಕೊಂಡು ಬಂದದ್ದು ಅದಕ್ಕೇ.

ನಾನೇನು ಮಾಡಿದೆ? ಕಾಗದ, ಬಣ್ಣದ ಪೆನ್ಸಿಲು ಮುಂದಿಟ್ಟು "ನಿಮ್ಮ ಮನೆ ಬಿಡಿಸಿ" ಅಂದೆ. ಅವರು ನಯವಾಗಿ ಪಕ್ಕಕ್ಕೆ ಸರಿಸಿದರು. ಮುಂದಿನ ವಾರ ಮತ್ತೆ ಇಟ್ಟೆ, ಮತ್ತೆ ಸರಿಸಿದರು. ಮೂರನೇ ಸಲ ನಾನು ಜಾಣತನ ತೋರಿಸಲು ಹೋಗಿ, ಸುಡಾನಿನ ದೊಡ್ಡ ಕಲಾವಿದ ಇಬ್ರಾಹಿಂ ಎಲ್-ಸಲಾಹಿ 1975ರಲ್ಲಿ ಜೈಲಿನೊಳಗೇ ಕಾಗದದ ಚೂರುಗಳ ಮೇಲೆ ಚಿತ್ರ ಬರೆದು ಮರಳಲ್ಲಿ ಹೂತಿಡುತ್ತಿದ್ದರಲ್ಲ ಅಂತ ನೆನಪಿಸಿದೆ. ಉಸ್ತಾದ್ ನನ್ನನ್ನೇ ನೋಡಿದರು. "ಹೌದು, ದಕ್ತೋರಾ. ಸಲಾಹಿ ಜೈಲಿನಲ್ಲಿದ್ದರು. ಅವರ ಮನೆ ಹೊರಗಿತ್ತು." (ನಾನು ಡಾಕ್ಟರ್ ಅಲ್ಲ ಅಂತ ಹತ್ತು ಸಲ ಹೇಳಿದ್ದೆ, ಅವರು ಬಿಡಲಿಲ್ಲ.)

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು.

2025ರ ಮಾರ್ಚ್‌ನಲ್ಲಿ ಸೇನೆ ಖಾರ್ಟೂಮ್ ವಾಪಸ್ ಪಡೆಯಿತು. ಜನ ಒಬ್ಬೊಬ್ಬರಾಗಿ ಊರಿಗೆ ಮರಳತೊಡಗಿದರು. ಹಾಗೆ ಹೋದ ನೆರೆಮನೆಯವರು ಉಸ್ತಾದರ ಮನೆಯೊಳಗೆಲ್ಲ ಓಡಾಡಿ ಒಂದು ವಿಡಿಯೋ ಕಳಿಸಿದ್ದರು. ಅದನ್ನು ಉಸ್ತಾದ್ ಫೋನಿನಲ್ಲಿ ನನಗೆ ತೋರಿಸಿದರು. ಫ್ರಿಜ್ ಇಲ್ಲ, ಫ್ಯಾನಿಲ್ಲ, ಮಂಚಗಳಿಲ್ಲ. ಗೋಡೆಯೊಳಗಿನ ತಾಮ್ರದ ತಂತಿಗಾಗಿ ಉದ್ದಕ್ಕೂ ಗಾರೆ ಒಡೆದು ಕಿತ್ತಿದ್ದರು. ಅಂಗಳದಲ್ಲಿ ಬುಡದವರೆಗೆ ಕಡಿದ ಮರವೊಂದಿತ್ತು. "ನೀಮ್" ಅಂದರು ಉಸ್ತಾದ್. ನನಗೂ ಅವರಿಗೂ ನಡುವೆ ಅನುವಾದ ಮಾಡುತ್ತಿದ್ದ ಸುಡಾನಿ ಹುಡುಗಿ ಆ ಒಂದು ಮಾತನ್ನು ಅನುವಾದಿಸುವ ಅಗತ್ಯವೇ ಬೀಳಲಿಲ್ಲ. ಬೇವು ಅಲ್ಲಿಯೂ ನೀಮೇ.

ಕೊನೆಗೆ ಒಳಕೋಣೆ ಕಾಣಿಸಿತು. ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸುಗಳು, ಮೇಲೆ ದಪ್ಪ ಧೂಳು. ಎಲ್ಲಾ ಇದ್ದವು.

"ಅಬ್ಬಾ, ಚಿತ್ರಗಳಾದರೂ ಉಳಿದವಲ್ಲ!" ಅಂದೆ. ನಿಜವಾಗಿ ಖುಷಿಯಾಗಿತ್ತು.

ಅವರು ಫೋನನ್ನು ಬೋರಲು ಹಾಕಿದರು. "ದಕ್ತೋರಾ, ಬಾಗಿಲಿನ ಚೌಕಟ್ಟು ಕಿತ್ತುಕೊಂಡು ಹೋಗಿದ್ದಾರೆ. ನನ್ನ ಹಳೇ ಚಪ್ಪಲಿಯನ್ನೂ ಬಿಟ್ಟಿಲ್ಲ. ರಾಷ್ಟ್ರೀಯ ಮ್ಯೂಸಿಯಮ್ಮಿನದನ್ನು ಲಾರಿಯಲ್ಲಿ ತುಂಬಿಕೊಂಡು ಹೋದರಂತೆ. ಇಪ್ಪತ್ತೈದು ವರ್ಷ ಬರೆದೆ, ನನ್ನದನ್ನು ಕಳ್ಳನೂ ಮುಟ್ಟಲಿಲ್ಲ."

ಅನುವಾದ ಮಾಡುತ್ತಿದ್ದ ಹುಡುಗಿಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದಳು. ಅವಳನ್ನು ನೋಡಿ ಉಸ್ತಾದರೂ ನಕ್ಕರು, ಜೋರಾಗಿ ನಕ್ಕರು, ನಗುತ್ತಾ ನಗುತ್ತಾ ಅತ್ತರು. ನಾನು ಅಳತೊಡಗಿದವರಿಗೆ ತಕ್ಷಣ ನೀರು ಕೊಡುವವಳು. ಅವತ್ತು ಕೊಡಲಿಲ್ಲ, ಸುಮ್ನೆ ಕೂತಿದ್ದೆ.

ಅಷ್ಟು ದಿನ ನಾನು ಇವರ ಕೈ ಕಟ್ಟಿಹಾಕಿರುವುದು ಬಾಂಬಿನ ನೆನಪು ಅಂದುಕೊಂಡಿದ್ದೆ. ನಿದ್ದೆ ಬರುತ್ತದೆ, ಕೆಟ್ಟ ಕನಸಿಲ್ಲ, ಸದ್ದಿಗೆ ಬೆಚ್ಚಿಬೀಳುವುದಿಲ್ಲ ಅಂತ ಅವರೇ ಹೇಳಿದ್ದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರನ್ನು ತಿನ್ನುತ್ತಿದ್ದುದು ಅವಮಾನ. ಅದನ್ನು ಹೇಳಿಕೊಳ್ಳಲು ನಾಚಿಕೆ ಬೇರೆ. ಸತ್ತವರ ಲೆಕ್ಕ ಸಿಗದ ಯುದ್ಧದಲ್ಲಿ ತನ್ನ ಚಿತ್ರ ಯಾರೂ ಕದಿಯಲಿಲ್ಲ ಅಂತ ಗೋಳಾಡುವುದು ಹೇಗೆ, ಅಲ್ವಾ?

ನಾನು ಕೊಟ್ಟ ಸಲಹೆ ಇಷ್ಟು. ಚಿತ್ರ ಬರೆಯಬೇಡಿ, ನಾನು ಕೇಳುವುದೂ ಇಲ್ಲ. ದಿನಾ ಸಂಜೆ ಹೆಂಡತಿ ಜೊತೆ ಕೂತು ಹಳೆಯ ಚಿತ್ರಗಳ ಪಟ್ಟಿ ಮಾಡಿ. ಯಾವುದು ಎಲ್ಲಿ ತೂಗುಹಾಕಿತ್ತು, ಅದನ್ನು ನೋಡಿ ಯಾರು ಏನಂದಿದ್ದರು, ಅಷ್ಟು ಬರೆಯಿರಿ. ಅವು ಬೇಕಾಗಿದ್ದವರು ಆ ಮನೆಯೊಳಗೇ ಇದ್ದರು ಅನ್ನುವುದು ನನ್ನ ಲೆಕ್ಕ.

ಇನ್ನೊಂದು ಸಲಹೆಯೂ ಇತ್ತು. ಆಗಷ್ಟೇ ಒಂದು ಗುಂಪಿನವರು ನಿರಾಶ್ರಿತರ ಪ್ರದರ್ಶನಕ್ಕೆ ಯುದ್ಧದ ಚಿತ್ರ ಕೇಳಿದ್ದರು. "ಅವರಿಗೆ ಬೇಕಿರುವುದು ಹೊಗೆ" ಅಂದಿದ್ದರು ಉಸ್ತಾದ್. ಬೇಡ ಅನ್ನುವ ಹಕ್ಕು ನಿಮಗಿದೆ, ಮನೆಯಲ್ಲಿ ಮಾತಾಡಿ ತೀರ್ಮಾನಿಸಿ ಅಂದೆ. ಬೇಡ ಅಂದರು. ಆ ದುಡ್ಡು ಎರಡು ತಿಂಗಳ ಬಾಡಿಗೆಗೆ ಆಗುತ್ತಿತ್ತು. ಇದರ ಬಗ್ಗೆ ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ.

ನೋವಿನಿಂದ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟೆ ಅಂತ ಸಹೋದ್ಯೋಗಿಗಳು ಬೈದರು. ನಡೆದದ್ದನ್ನು ಮತ್ತೆ ಹೇಳಿಸಿ ಭಯ ಇಳಿಸುವ ವಿಧಾನ ಇದೆ, ಕೆಲಸವೂ ಮಾಡುತ್ತದೆ, ನಾನೇ ಎಷ್ಟೋ ಜನರಿಗೆ ಮಾಡಿದ್ದೇನೆ. ಆದರೆ ಭಯವೇ ಇಲ್ಲದವರಿಗೆ ಭಯದ ಮದ್ದು ಯಾಕೆ? ಮನೆ ಕಳೆದುಕೊಂಡವರು ಎದುರು ಕೂತಾಗ "ಜೀವ ಉಳಿಯಿತಲ್ಲ" ಅನ್ನುವ ಮೊದಲು, ಹೋದದ್ದರಲ್ಲಿ ಯಾವುದು ಜಾಸ್ತಿ ಕಾಡುತ್ತಿದೆ ಅಂತ ಕೇಳಿ. ಉತ್ತರ ಸಣ್ಣದಾಗಿ, ನಗು ಬರುವ ಹಾಗೆ ಇರಬಹುದು. ಅದನ್ನು ತಿದ್ದಲು ಹೋಗಬೇಡಿ.

ಪಟ್ಟಿ ಈಗ 43ಕ್ಕೆ ಬಂದು ನಿಂತಿದೆ. 17ನೆಯದು ಅಡುಗೆಮನೆಯಲ್ಲಿತ್ತು ಅಂತ ಹೆಂಡತಿ, ಆ ಹೊಗೆಯಲ್ಲಿ ಯಾರಾದರೂ ಚಿತ್ರ ಹಾಕುತ್ತಾರಾ ಅಂತ ಉಸ್ತಾದ್. ಹೋದ ವಾರ ಇಡೀ ಒಂದು ಗಂಟೆ ನನ್ನೆದುರೇ ಜಗಳ ಆಡಿದರು.