ಗಂಡ ಸತ್ತ ಮೇಲೆ ಡಚೆಸ್ ಬೀದಿಗೆ ಬೀಳುತ್ತಿದ್ದಳೇ?

ಪ್ರಶ್ನೆ: ಮಧ್ಯಯುಗದ ಯುರೋಪಿನಲ್ಲಿ ಕುಲೀನ ಮನೆತನದ ಹೆಣ್ಣಿಗೂ ಆಸ್ತಿ ಇರಲಿಲ್ಲವಂತೆ. ಗಂಡ ಸತ್ತರೆ ಮಗನ ಹಂಗಿನಲ್ಲಿ ಬದುಕಬೇಕಿತ್ತು, ಇಲ್ಲವೇ ಸನ್ಯಾಸಿನಿಯರ ಮಠ ಸೇರಬೇಕಿತ್ತು ಎನ್ನುತ್ತಾರೆ. ನಿಜವೇ?

ಉತ್ತರ: ಈ ಅಂಕಣಕ್ಕೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಪ್ರತಿ ಸಲವೂ ‘ಎನ್ನುತ್ತಾರೆ’ ಎಂದೇ ಮುಗಿಯುತ್ತದೆ. ಯಾವ ದೇಶ, ಯಾವ ಕಾನೂನು ಎಂದು ಯಾರೂ ಬರೆಯುವುದಿಲ್ಲ. ಇಡೀ ಯುರೋಪಿಗೆ ಒಂದೇ ಉತ್ತರವಿಲ್ಲ. ಹದಿನೈದನೆಯ ಶತಮಾನದ ಇಂಗ್ಲೆಂಡಿಗೆ ಸೀಮಿತವಾಗಿ ಹೇಳುತ್ತೇನೆ.

ಗಂಡ ಬದುಕಿರುವಷ್ಟು ಕಾಲ ಹೆಂಡತಿಯ ಜಮೀನಿನ ಯಜಮಾನಿಕೆಯೂ ಅವನದೇ. ಅವನು ಸತ್ತ ಮೇಲೆ ಲೆಕ್ಕವೇ ಬೇರೆ. ಅವನ ಜಮೀನಿನ ಮೂರನೇ ಒಂದು ಭಾಗದ ಆದಾಯ ಅವಳ ಜೀವಮಾನಪೂರ್ತಿ ಅವಳಿಗೆ ಸಲ್ಲಬೇಕು, ಇದು ಡವರ್. ಇದಲ್ಲದೆ ಜಾಯಿಂಚರ್ ಎಂಬುದೊಂದಿತ್ತು. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ತಂದೆ ಹಣ ಕೊಟ್ಟರೆ, ಪ್ರತಿಯಾಗಿ ಗಂಡಿನ ಕಡೆಯವರು ಕೆಲವು ಜಮೀನುಗಳನ್ನು ದಂಪತಿಯ ಜಂಟಿ ಹೆಸರಿಗೆ ಬರೆಯುತ್ತಿದ್ದರು. ಕೊನೆಗೆ ಬದುಕುಳಿದವರು ಅದನ್ನು ಅನುಭವಿಸುತ್ತಿದ್ದರು. ಗಂಡ ರಾಜದ್ರೋಹಿ ಎನಿಸಿಕೊಂಡರೆ ಡವರ್ ಕೈತಪ್ಪುತ್ತಿತ್ತು, ಜಾಯಿಂಚರ್ ಸಾಮಾನ್ಯವಾಗಿ ಉಳಿಯುತ್ತಿತ್ತು. ಬಂಧುಗಳೇ ಬಂಧುಗಳ ತಲೆ ತೆಗೆಯುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನಾರ್ಫೋಕ್‌ನ ಡಚೆಸ್ (ಡ್ಯೂಕ್ ಪದವಿಯ ಕುಲೀನನ ಹೆಂಡತಿ) ಕ್ಯಾಥರೀನ್ ನೆವಿಲ್‌ಳನ್ನು ನೋಡಿ. 1412ರಲ್ಲಿ ಜಾನ್ ಮೌಬ್ರೆಯನ್ನು ಮದುವೆಯಾದಳು. 1432ರಲ್ಲಿ ಅವನು ತೀರಿಕೊಂಡ. ಮನೆತನದ ಆಸ್ತಿಯ ದೊಡ್ಡ ಪಾಲು ಅವಳ ಕೈ ಸೇರಿತು, ಅಲ್ಲಿಂದ ಅಲುಗಲಿಲ್ಲ. ತನ್ನ ಪಾಲಿಗಾಗಿ ಕಾದ ಮಗ 1461ರಲ್ಲಿ ಸತ್ತ. ಮೊಮ್ಮಗ 1476ರಲ್ಲಿ ಸತ್ತ. ಅವನ ಒಬ್ಬಳೇ ಮಗಳು ಆ್ಯನ್ 1481ರಲ್ಲಿ, ಎಂಟು ವರ್ಷದ ಮಗುವಾಗಿದ್ದಾಗಲೇ ಹೋದಳು. 1483ರಲ್ಲಿ ಮೂರನೇ ರಿಚರ್ಡ್ ಪಟ್ಟವೇರಿದಾಗಲೂ ಕ್ಯಾಥರೀನ್ ಬದುಕಿದ್ದಳು. ಯಾರು ಯಾರ ಹಂಗಿನಲ್ಲಿದ್ದರು, ನೀವೇ ಹೇಳಿ.

1465ರಲ್ಲಿ, ಅರವತ್ತು ದಾಟಿದ ಮೇಲೆ, ಅವಳು ಆಗಿನ ರಾಣಿ ಎಲಿಜಬೆತ್‌ಳ ತಮ್ಮ ಜಾನ್ ವುಡ್‌ವಿಲ್‌ನನ್ನು ನಾಲ್ಕನೆಯ ಗಂಡನಾಗಿ ಮಾಡಿಕೊಂಡಳು. ಅವನಿಗಿನ್ನೂ ಇಪ್ಪತ್ತರ ಆಸುಪಾಸು. ಆ ಕಾಲದ ವೃತ್ತಾಂತಕಾರನೊಬ್ಬ ಇದನ್ನು ಪೈಶಾಚಿಕ ಮದುವೆ ಎಂದು ಬರೆದ. ಅವಳ ವಯಸ್ಸನ್ನೂ ಎಂಬತ್ತರ ಹತ್ತಿರಕ್ಕೆ ಏರಿಸಿದ. ಮುದುಕಿಗಾಗಿ ಮರುಗಿದವರ ಕಣ್ಣು ಅವಳ ಜಮೀನಿನ ಮೇಲಿತ್ತೆಂಬುದು ನನ್ನ ದೃಢ ಅಭಿಪ್ರಾಯ. 1469ರಲ್ಲಿ ಅವಳ ತಮ್ಮನ ಮಗ ವಾರಿಕ್‌ನ ಕಡೆಯವರು ಜಾನ್ ವುಡ್‌ವಿಲ್‌ನ ತಲೆ ಕಡಿದರು. ಅವನಿಗಿಂತಲೂ ಹೆಚ್ಚು ಕಾಲ ಅವಳು ಬಾಳಿದಳು.

ಹಾಗೆಂದು ವಿಧವೆಯರೆಲ್ಲ ಸುಖವಾಗಿದ್ದರು ಎಂಬ ಇನ್ನೊಂದು ಕಟ್ಟುಕಥೆ ಹುಟ್ಟಿಸಬೇಡಿ. ಡವರ್‌ಗಾಗಿ ವಾರಸುದಾರರ ಮೇಲೆ ದಾವೆ ಹೂಡಿ ಸವೆದುಹೋದವರಿದ್ದಾರೆ. ಬೆಡ್‌ಫರ್ಡ್‌ನ ಡ್ಯೂಕ್‌ನ ವಿಧವೆ ಜಾಕೆಟಾ ದೊರೆಯ ಅನುಮತಿಯಿಲ್ಲದೆ ಮರುಮದುವೆಯಾಗಿ 1437ರಲ್ಲಿ 1,000 ಪೌಂಡ್ ದಂಡ ತೆರಬೇಕಾಯಿತು.

ಪ್ರಶ್ನೆ: ಅದೇ ಜಾಕೆಟಾ ಮಾಟಗಾತಿಯಾಗಿದ್ದಳಲ್ಲವೇ?

ಉತ್ತರ: ಅಲ್ಲ. ಅದು ಅವಳ ಕುಟುಂಬದ ಶತ್ರುಗಳು ಅಧಿಕಾರದಲ್ಲಿದ್ದಾಗ ಎದ್ದ ಆರೋಪ. 1470ರಲ್ಲಿ ರಾಜಮಂಡಳಿ ಅವಳನ್ನು ನಿರ್ದೋಷಿ ಎಂದಿತು.

ಪ್ರಶ್ನೆ: ಯುದ್ಧಕ್ಕೆ ಹೋಗುವ ಗಂಡಂದಿರು ಹೆಂಡತಿಯರಿಗೆ ಕಬ್ಬಿಣದ ಶೀಲರಕ್ಷಕ ಪಟ್ಟಿ ತೊಡಿಸುತ್ತಿದ್ದರೇ?

ಉತ್ತರ: ಇಲ್ಲ. ವಸ್ತುಸಂಗ್ರಹಾಲಯಗಳಲ್ಲಿರುವವು ಬಹುತೇಕ 18, 19ನೇ ಶತಮಾನದಲ್ಲಿ ತಯಾರಾದವು. ಈ ಪ್ರಶ್ನೆಯನ್ನು ಇನ್ನು ಕಳುಹಿಸಬೇಡಿ.

ಪ್ರಶ್ನೆ: ನಾವು ಮಂಗಳೂರಿನವರು, ಉಪನಾಮ ಪಿರೇರಾ. ನಮ್ಮದು ಪೋರ್ಚುಗೀಸ್ ಕುಲೀನ ವಂಶವೆಂದೂ ವಂಶವೃಕ್ಷ, ಲಾಂಛನ ಮಾಡಿಕೊಡುವುದಾಗಿಯೂ ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಇಂಥವರು ಜನರ ಕುಲಾಭಿಮಾನವನ್ನೇ ಮಾರಿ ತಿನ್ನುತ್ತಾರೆ. ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಪೂರ್ವಿಕರು ಗೋವಾದಲ್ಲಿ ದೀಕ್ಷಾಸ್ನಾನ ಪಡೆದಾಗ ಪಾದ್ರಿಯ ಅಥವಾ ಜ್ಞಾನಪಿತರ (ಗಾಡ್‌ಫಾದರ್) ಉಪನಾಮ ಪಡೆದವರು. ಹೆಸರು ಒಂದೇ ಎಂದಮಾತ್ರಕ್ಕೆ ರಕ್ತಸಂಬಂಧವಿಲ್ಲ. ನಿಮ್ಮ ಹಿರಿಯರ ಬಗ್ಗೆ ಕುತೂಹಲವಿದ್ದರೆ ಮೊದಲು ಅವರ ಊರಿನ ಇಗರ್ಜಿಗೆ ಹೋಗಿ, ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ ಪುಸ್ತಕಗಳನ್ನು ತೋರಿಸಲು ಕೇಳಿ.