ಸಿವಿಲೈಸೇಷನ್ 4ರಲ್ಲಿ ಎದುರಾಳಿಗಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ: ಸಾಮ್ರಾಜ್ಯ ಕಟ್ಟಿ ಆಳುವ ಕಂಪ್ಯೂಟರ್ ಆಟವಾದ ಸಿವಿಲೈಸೇಷನ್ 4ರಲ್ಲಿ, ಅದರಲ್ಲೂ ಮೂಲ ಆಟಕ್ಕೆ ಆಮೇಲೆ ಸೇರಿಸಿದ 2007ರ ‘ಬಿಯಾಂಡ್ ದ ಸ್ವೋರ್ಡ್’ ವಿಸ್ತರಣೆಯಲ್ಲಿ, ಕಂಪ್ಯೂಟರ್ ನಡೆಸುವ ರಾಜರು ತಮ್ಮತಮ್ಮಲ್ಲೇ ಕಾದಾಡುವಂತೆ ಮಾಡಬಹುದೇ, ಮತ್ತು ಹಾಗೆ ಮಾಡಿದರೆ ಆ ಹಗೆ ನಮ್ಮ ಮೇಲೆ ತಿರುಗುತ್ತದೆಯೇ ಎಂಬುದು. ಖಂಡಿತ ಮಾಡಬಹುದು. ಯುದ್ಧ ಹಚ್ಚುವುದು ಹೊಸಬರು ಅಂದುಕೊಳ್ಳುವಷ್ಟು ಕಷ್ಟವಲ್ಲ. ಆ ಯುದ್ಧದಲ್ಲಿ ಯಾರೂ ಪೂರ್ತಿ ಗೆಲ್ಲದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಹೆಚ್ಚಿನ ಆಟಗಾರರು ಈ ಎರಡನೆಯ ಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅದನ್ನೇ ಹೆಚ್ಚು ವಿವರಿಸುತ್ತೇನೆ.

ಮೊದಲು ವಿಧಾನ. ಯಾವುದೇ ರಾಜನೊಂದಿಗೆ ವ್ಯವಹಾರದ ಪರದೆಯನ್ನು ತೆರೆದರೆ, ಅವನು ಕೊಡಬಹುದಾದ ವಸ್ತುಗಳ ಪಟ್ಟಿಯಲ್ಲೇ ‘ಇಂಥವರ ಮೇಲೆ ಯುದ್ಧ ಸಾರು’ ಎಂಬ ಆಯ್ಕೆ ಇರುತ್ತದೆ. ಅದರಡಿ ಬಿಳಿಯ ಅಕ್ಷರದಲ್ಲಿ ಕಾಣುವ ಹೆಸರಿನ ಮೇಲೆ ಅವನು ಸರಿಯಾದ ಬೆಲೆ ಸಿಕ್ಕರೆ ದಂಡೆತ್ತಿ ಹೋಗಲು ಸಿದ್ಧನಿದ್ದಾನೆ ಎಂದರ್ಥ. ಕೆಂಪು ಅಕ್ಷರದಲ್ಲಿದ್ದರೆ ಒಪ್ಪುವುದಿಲ್ಲ, ಆದರೆ ಮೌಸನ್ನು ಅದರ ಮೇಲೆ ಇಟ್ಟರೆ ಒಪ್ಪದಿರುವ ಕಾರಣವನ್ನು ಆಟವೇ ಹೇಳುತ್ತದೆ. ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು: ನಿಮ್ಮ ಮೇಲೆ ಅಷ್ಟು ಪ್ರೀತಿ ಇಲ್ಲ, ಅವರು ನಮ್ಮ ಸ್ನೇಹಿತರು, ಸದ್ಯಕ್ಕೆ ನಮ್ಮ ಕೈ ತುಂಬ ಕೆಲಸವಿದೆ. ಈ ಮೂರನೆಯ ಉತ್ತರ ಬಹಳ ಬೆಲೆಬಾಳುವ ಸುಳಿವು. ಯಾರೊಂದಿಗೂ ಯುದ್ಧದಲ್ಲಿಲ್ಲದ ರಾಜನೊಬ್ಬ ಕೈ ತುಂಬ ಕೆಲಸವಿದೆ ಎಂದರೆ ಅವನು ಆಗಲೇ ಯಾರ ಮೇಲೋ ಕತ್ತಿ ಮಸೆಯುತ್ತಿದ್ದಾನೆ ಎಂದೇ ತಿಳಿಯಬೇಕು, ಮತ್ತು ಆ ‘ಯಾರೋ’ ನೀವೇ ಆಗಿರಬಹುದು. ಆ ಹಂತ ತಲುಪಿದವನನ್ನು ಯಾವ ಲಂಚವೂ ಬೇರೆಡೆಗೆ ತಿರುಗಿಸಲಾರದು. ನೋಡುವುದಕ್ಕೆ ಏನೂ ಖರ್ಚಿಲ್ಲವಾದ್ದರಿಂದ, ಕೆಲವು ಸರದಿಗಳಿಗೊಮ್ಮೆ ಪ್ರತಿ ನೆರೆಯವನ ಪರದೆ ತೆರೆದು ಈ ಪಟ್ಟಿಯನ್ನು ಗಮನಿಸುವ ಅಭ್ಯಾಸ ಮಾಡಿಕೊಳ್ಳಿ. ಹೆಸರುಗಳು ಬಿಳಿಯಾಗಿರುವಾಗಲೇ ಮಾತು ಮುಗಿಸಬೇಕು.

ಎಲ್ಲ ರಾಜರೂ ಒಂದೇ ಬಗೆಯವರಲ್ಲ. ಮಾಂಟೆಝೂಮಾ, ಶಾಕಾ, ಗೆಂಘಿಸ್ ಖಾನ್ ಮೊದಲಾದವರು ಕಾಲು ಕೆರೆದು ಜಗಳಕ್ಕೆ ಹೋಗುವ ಸ್ವಭಾವದವರು. ಗಾಂಧಿ ಅಥವಾ ಮಾನ್ಸಾ ಮೂಸಾನನ್ನು ಯುದ್ಧಕ್ಕೆ ಎಬ್ಬಿಸುವ ಪ್ರಯತ್ನದಲ್ಲಿ ಕಾಲ ಕಳೆಯಬೇಡಿ.

ಬೆಲೆಯಾಗಿ ತಂತ್ರಜ್ಞಾನವನ್ನು ಕೊಡುವುದೇ ರೂಢಿ, ಅದಕ್ಕಾಗಿ ‘ಆಲ್ಫಾಬೆಟ್’ (ಅಕ್ಷರಮಾಲೆ) ಎಂಬ ತಂತ್ರಜ್ಞಾನವನ್ನು ನೀವು ಮೊದಲೇ ಕಲಿತಿರಬೇಕು. ಯಾವುದನ್ನು ಕೊಡುತ್ತೇವೆ ಎಂಬುದರಲ್ಲಿ ಜಾಣತನವಿದೆ. ‘ಏಸ್ಥೆಟಿಕ್ಸ್’ (ಸೌಂದರ್ಯಶಾಸ್ತ್ರ) ಅನ್ನು ಕಂಪ್ಯೂಟರ್ ರಾಜರು ತಾವಾಗಿ ಬೇಗ ಕಲಿಯುವುದು ಕಡಿಮೆ. ಅದನ್ನು ಕೊಟ್ಟರೆ ಅವರ ಸೈನ್ಯದ ಬಲ ಎಳ್ಳಷ್ಟೂ ಹೆಚ್ಚುವುದಿಲ್ಲ. ನಾಳೆ ನಮ್ಮ ಗಡಿಗೇ ಬರಬಹುದಾದವನಿಗೆ, ಊರು ಮುತ್ತುವ ದೊಡ್ಡ ಕವಣೆಯಂತ್ರಗಳನ್ನು ಒದಗಿಸುವ ‘ಎಂಜಿನಿಯರಿಂಗ್’ ಕೊಡುವುದು ಸರಿಯಲ್ಲ.

ಲಂಚಕ್ಕೂ ಮೊದಲು ನೆಲ ಹದ ಮಾಡುವ ಕೆಲಸವೊಂದಿದೆ, ಅದು ಧರ್ಮದ್ದು. ಈ ಆಟದಲ್ಲಿ ರಾಜ್ಯದ ಅಧಿಕೃತ ಧರ್ಮ ಬೇರೆಯಾದವರ ನಡುವೆ ಅಸಮಾಧಾನ ತಾನಾಗಿಯೇ ಬೆಳೆಯುತ್ತದೆ, ಒಂದೇ ಧರ್ಮದವರು ಒಂದಾಗುತ್ತಾರೆ. ಸ್ಪೇನಿನ ರಾಣಿ ಇಸಾಬೆಲ್ಲಾಳ ಮಟ್ಟಿಗಂತೂ ಬೇರೆಲ್ಲ ಕಾರಣಗಳಿಗಿಂತ ಇದೇ ದೊಡ್ಡದು. ಗಡಿಗಳು ಒತ್ತಾಗಿ ತಾಗಿಕೊಂಡಿದ್ದರೆ ಅದೂ ಸಿಟ್ಟಿಗೆ ಸೇರುತ್ತದೆ. ಆದ್ದರಿಂದ ಭೂಮಾರ್ಗದಲ್ಲಿ ಗಡಿ ಹಂಚಿಕೊಂಡ, ಬೇರೆ ಬೇರೆ ಧರ್ಮದ ಇಬ್ಬರನ್ನು ಆರಿಸಿಕೊಳ್ಳಿ. ಸಮುದ್ರದಾಚೆಯವನ ಮೇಲೆ ಸಾರಿಸಿದ ಯುದ್ಧ ಬಹುಪಾಲು ಹೆಸರಿಗಷ್ಟೇ ಉಳಿಯುತ್ತದೆ. ಹಡಗಿನಲ್ಲಿ ಸೈನ್ಯ ಸಾಗಿಸುವುದರಲ್ಲಿ ಕಂಪ್ಯೂಟರ್ ಬಹಳ ದುರ್ಬಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಇಬ್ಬರ ಜಗಳ ಮೂರನೆಯವನಿಗೆ ಲಾಭ’ ಎನ್ನುವುದು ಆ ಇಬ್ಬರೂ ಸಮಬಲರಾಗಿದ್ದಾಗ ಮಾತ್ರ ನಿಜ. 2006ರ ‘ವಾರ್‌ಲಾರ್ಡ್ಸ್’ ವಿಸ್ತರಣೆಯಿಂದ ಈ ಆಟದಲ್ಲಿ ಸಾಮಂತ ಪದ್ಧತಿ ಬಂದಿದೆ: ಸೋಲುತ್ತಿರುವವನು ಪೂರ್ತಿ ನಾಶವಾಗುವ ಮುನ್ನ ಗೆಲ್ಲುತ್ತಿರುವವನಿಗೆ ಶರಣಾಗಿ ಅವನ ಸಾಮಂತನಾಗಬಹುದು. ಅಲ್ಲಿಂದ ಮುಂದೆ ಒಡೆಯನ ಮೇಲೆ ಯುದ್ಧ ಸಾರಿದರೆ ಸಾಮಂತನೂ ಜೊತೆಗೆ ಬರುತ್ತಾನೆ. ಬಲಿಷ್ಠನನ್ನು ದುರ್ಬಲನ ಮೇಲೆ ಛೂ ಬಿಟ್ಟವನು ಹೀಗೆ ತನ್ನ ತಂತ್ರಜ್ಞಾನವನ್ನೇ ತೆತ್ತು ತನಗಿಂತ ದೊಡ್ಡ ಶತ್ರುವೊಬ್ಬನನ್ನು ಕಟ್ಟಿಕೊಟ್ಟಂತಾಗುತ್ತದೆ. ಎಫ್9 ಕೀಲಿ ಒತ್ತಿದರೆ ತೆರೆಯುವ ಪರದೆಯಲ್ಲಿ ಸೈನ್ಯಬಲದ ರೇಖಾಚಿತ್ರವನ್ನು ನೋಡದೆ ಯಾರಿಗೂ ಲಂಚ ಕೊಡಬೇಡಿ. ಬೇಹುಗಾರಿಕೆಯ ಅಂಕಗಳನ್ನು ಆ ಇಬ್ಬರ ಮೇಲೆ ಸ್ವಲ್ಪ ಮೊದಲೇ ಹಾಕಿಟ್ಟರೆ ಆ ರೇಖಾಚಿತ್ರ ನಿಮಗೆ ಕಾಣುತ್ತದೆ.

ಇಬ್ಬರೂ ಸಮಬಲರಲ್ಲದಿದ್ದರೆ ನಾವೇ ಸಮ ಮಾಡಬಹುದು. ನನ್ನ ಒಂದು ಆಟದಲ್ಲಿ ಶಾಕಾನ ಗಡಿ ಒಂದು ಕಡೆ ನನಗೂ ಇನ್ನೊಂದು ಕಡೆ ಇಸಾಬೆಲ್ಲಾಗೂ ತಾಗಿತ್ತು. ಅವನು ಹಿಂದೂ, ಅವಳು ಬೌದ್ಧ. ಬಲದಲ್ಲಿ ಅವನದೇ ಮೇಲುಗೈ. ನಾನು ಮೊದಲು ಇಸಾಬೆಲ್ಲಾಗೆ ‘ಫ್ಯೂಡಲಿಸಂ’ ತಂತ್ರಜ್ಞಾನವನ್ನು ಉಡುಗೊರೆಯಾಗಿ ಕೊಟ್ಟೆ. ಅದರಿಂದ ಸಿಗುವ ಲಾಂಗ್‌ಬೋಮನ್ ಬಿಲ್ಲಾಳಿನ ಬಲ 6, ಊರಿನ ರಕ್ಷಣೆಗೆ ಶೇ. 25, ಗುಡ್ಡದ ಮೇಲಿದ್ದರೆ ಮತ್ತೂ ಶೇ. 25 ಹೆಚ್ಚುವರಿ. ಅವಳ ಗಡಿಯ ಊರು ಗುಡ್ಡದ ಮೇಲೆಯೇ ಇತ್ತು. ಆ ಊರಿನಲ್ಲಿ ಬಿಲ್ಲಾಳುಗಳು ನಿಂತದ್ದನ್ನು ಕಂಡ ಮೇಲೆಯೇ ಶಾಕಾನಿಗೆ ‘ಏಸ್ಥೆಟಿಕ್ಸ್’ ಕೊಟ್ಟು ಯುದ್ಧ ಸಾರಿಸಿದೆ. ಅವನು ಕವಣೆಯಂತ್ರಗಳೊಂದಿಗೆ ಬಂದು ಗುಡ್ಡದ ಕೆಳಗೆ ಬೀಡುಬಿಟ್ಟ. ಬಂದ ದಂಡೆಲ್ಲ ಅಲ್ಲೇ ಕರಗಿತು, ಅವಳ ಕಡೆಯೂ ಹೊಸ ಕಟ್ಟಡಗಳಿಗೆ ಬದಲು ಬರೀ ಸೈನಿಕರೇ ತಯಾರಾದರು, ನಾನು ಆ ಅವಧಿಯಲ್ಲಿ ನನ್ನ ಊರುಗಳಲ್ಲಿ ನೆಮ್ಮದಿಯಿಂದ ಗ್ರಂಥಾಲಯಗಳನ್ನೂ ವಿಶ್ವವಿದ್ಯಾಲಯಗಳನ್ನೂ ಕಟ್ಟಿದೆ. ಇಲ್ಲಿ ಕ್ರಮ ಮುಖ್ಯ: ಉಡುಗೊರೆಯನ್ನು ಯುದ್ಧಕ್ಕೆ ಮುಂಚೆ ಕೊಡಬೇಕು. ಯುದ್ಧ ಶುರುವಾದ ಮೇಲೆ ಕೊಟ್ಟರೆ, ನಮ್ಮ ಪರಮ ಶತ್ರುವಿನೊಂದಿಗೆ ವ್ಯವಹಾರ ಮಾಡಿದಿರಿ ಎಂದು ದಾಳಿ ಮಾಡುತ್ತಿರುವವನು ನಿಮ್ಮ ಮೇಲೆ ಮುನಿಯುತ್ತಾನೆ.

ಹಗೆಯ ಪ್ರಶ್ನೆಗೆ ನೇರ ಉತ್ತರ: ಹೌದು, ದಾಳಿಗೊಳಗಾದವರಿಗೆ ತಿಳಿಯುತ್ತದೆ. ‘ನಮ್ಮ ವಿರುದ್ಧ ಇನ್ನೊಬ್ಬರನ್ನು ಯುದ್ಧಕ್ಕೆ ಕರೆತಂದಿರಿ’ ಎಂಬ ದೂರು ನಿಮ್ಮ ಹೆಸರಿನ ಮುಂದೆ ಕಳೆಯುವ ಅಂಕವಾಗಿ ಸೇರುತ್ತದೆ. ಆದರೂ ನೀವೇ ಯುದ್ಧ ಸಾರಿದ್ದಕ್ಕಿಂತ ಇದು ಎಷ್ಟೋ ಹಗುರ, ಮತ್ತು ದಾಳಿ ಮಾಡಿದವನ ಮೇಲೆ ಸಂತ್ರಸ್ತನ ಸ್ನೇಹಿತರೆಲ್ಲ ಸಿಟ್ಟಾಗುತ್ತಾರೆ, ನಿಮ್ಮ ಮೇಲಲ್ಲ. ನಿಮ್ಮ ಅತ್ಯಾಪ್ತ ಮಿತ್ರನ ಮೇಲೆ ಮಾತ್ರ ಇದನ್ನು ಪ್ರಯೋಗಿಸಬೇಡಿ. ಆಮೇಲೆ ಎರಡೂ ಕಡೆಯವರು ನಿಮ್ಮನ್ನು ಸಹಾಯಕ್ಕೆ ಕರೆಯಬಹುದು; ನಿರಾಕರಿಸಿದರೆ ಅದಕ್ಕೂ ಒಂದು ಅಂಕ ಕಳೆಯುತ್ತದೆ, ಅದನ್ನು ಯುದ್ಧದ ಖರ್ಚಿನಲ್ಲೇ ಸೇರಿಸಿಕೊಂಡು ಸುಮ್ಮನಿರುವುದು ಒಳ್ಳೆಯದು.

ಒಂದು ಪಕ್ಷ ಊರಿನ ಮೇಲೆ ಊರು ಕಳೆದುಕೊಳ್ಳತೊಡಗಿದರೆ ಅದೇ ವ್ಯವಹಾರದ ಪರದೆಯಲ್ಲಿ ‘ಸಂಧಿ ಮಾಡಿಕೊ’ ಎಂಬ ಆಯ್ಕೆಯನ್ನು ನೋಡಿ. ಯುದ್ಧಕ್ಕೆ ಬೆಲೆ ಕೊಟ್ಟಂತೆ ಶಾಂತಿಗೂ ಬೆಲೆ ಕೊಡಬಹುದು, ಅದಕ್ಕಾಗಿ ಒಂದು ತಂತ್ರಜ್ಞಾನವನ್ನು ಕೈಯಲ್ಲಿ ಉಳಿಸಿಕೊಂಡಿರಬೇಕು. ಶರಣಾಗತಿಯ ಹಂತ ತಲುಪುವ ಮುನ್ನವೇ ಇದನ್ನು ಮಾಡಬೇಕಾಗುತ್ತದೆ.

ಕೊನೆಯದಾಗಿ ನಿಮ್ಮ ಆಟದ ನಿಯಮಗಳನ್ನು ಒಮ್ಮೆ ಪರಿಶೀಲಿಸಿ. ‘ನೋ ಟೆಕ್ ಬ್ರೋಕರಿಂಗ್’ ಆಯ್ಕೆ ಮಾಡಿದ್ದರೆ ನೀವೇ ಸಂಶೋಧಿಸಿದ ತಂತ್ರಜ್ಞಾನವನ್ನು ಮಾತ್ರ ಕೊಡಲು ಬರುತ್ತದೆ. ಆದರೆ ಪಡೆದವನೂ ಅದನ್ನು ಬೇರೆಯವರಿಗೆ ದಾಟಿಸಲಾರ, ಹಾಗಾಗಿ ಲಂಚಕ್ಕೆ ಅದು ಅನುಕೂಲವೇ. ತಂತ್ರಜ್ಞಾನದ ವಿನಿಮಯವನ್ನೇ ಪೂರ್ತಿ ನಿಲ್ಲಿಸಿದ್ದರೆ ಮಾತ್ರ ಕೈ ಕಟ್ಟಿದಂತೆ. ಆಗ ಉಳಿಯುವ ಮುಖ್ಯ ದಾರಿಯೆಂದರೆ, ಆಯ್ದ ನೆರೆಯವರ ಊರುಗಳಿಗೆ ಧರ್ಮಪ್ರಚಾರಕರನ್ನು ಕಳುಹಿಸಿ ಎದುರು ಗುಂಪುಗಳನ್ನು ನಿಧಾನವಾಗಿ ಬೆಳೆಸುವುದು.